ಎಡಗಾಲಿನ ಕೆಲಸ

ಎರಡೇ ಸೀಟಿನ ಕಾರು ಕೊಂಡು, ಅದರಲ್ಲಿ ಒಂದನ್ನು ಡ್ರೈವರ್‌ಗೆ ಬಿಟ್ಟು, ಇನ್ನೊಂದರಲ್ಲಿ ತಾನು ಕೈಕಟ್ಟಿ ಕೂರುವವನನ್ನು ಏನೆಂದು ಕರೆಯಬೇಕು? ಕೇಶವಮೂರ್ತಿಗೆ ಹತ್ತು ದಿನದಿಂದ ಇದೇ ಯೋಚನೆ. ಔರಂಗಾಬಾದಿನ ಎಣ್ಣೆ ಮಿಲ್ಲಿನ ವಿಶ್ವನಾಥಪ್ಪನವರಿಗೆ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಬೇಕಾಗಿತ್ತು. ಮುಂಬೈಯ ದಲಾಲನೊಬ್ಬ ಒಂದೇ ಮಾಡೆಲಿನ ಎರಡು ಕಾರು ತಂದು ಚಿಕಲಠಾಣಾದ ಅವರ ಗೋದಾಮಿನ ಮುಂದೆ ನಿಲ್ಲಿಸಿದ್ದ. ಕೆಂಪಿನದಕ್ಕೆ ಕೈಗೆ ಗೇರು, ಕಾಲಿಗೆ ಕ್ಲಚ್ಚು. ಬಿಳಿಯದು ಆಟೋಮ್ಯಾಟಿಕ್, ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ, ಕ್ಲಚ್ಚಿನ ಪೆಡಲೇ ಇಲ್ಲ. ಎರಡರಲ್ಲಿ ಯಾವುದು ಎಂದು ಹೇಳುವ ಹೊಣೆ ಕೇಶವಮೂರ್ತಿಯ ತಲೆಗೆ ಬಂದಿತ್ತು.

ಬಂದದ್ದು ಅವನ ಬಾಯಿಂದಲೇ. ನಾಶಿಕದ ಕನ್ನಡ ಸಂಘದಲ್ಲಿ ಅವನು ಗೇರು ಪೆಟ್ಟಿಗೆಯ ಬಗ್ಗೆ ಭಾಷಣ ಮಾಡಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಸಾಹುಕಾರ ವಿಶ್ವನಾಥಪ್ಪನವರು ಕೊನೆಯಲ್ಲಿ ಎದ್ದು, "ವಿಮಾನ ಮಾಡವ್ರು ನೀವು, ನಮ್ಮ ಕಾರು ನಿಮಗ ಏನ್ ದೊಡ್ಡದು! ಬಂದು ನೋಡಿ ಬರದುಕೊಡ್ರಿ" ಎಂದಿದ್ದರು.

ಅವನು ವಿಮಾನ ಮಾಡುವವನೇನಲ್ಲ. ನಾಶಿಕದ ಬಳಿ ಓಝರಿನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲದವಕ್ಕೆ ಕೆಂಪು ಚೀಟಿ ಕಟ್ಟುವ ಇನ್‌ಸ್ಪೆಕ್ಟರ್. ಆರು ವರ್ಷ ಸಂಜೆ ಕ್ಲಾಸಿನಲ್ಲಿ ತೂಕಡಿಸುತ್ತ ಡಿಪ್ಲೊಮಾ ಮಾಡಿಕೊಂಡವನು. ತಿರಸ್ಕರಿಸುವುದಕ್ಕೇ ಸಂಬಳ ಎಣಿಸುವವನಿಗೆ ಆ ಚಟ ಕಾರ್ಖಾನೆಯ ಗೇಟಿಗೆ ನಿಲ್ಲುವುದಿಲ್ಲ. ಮನುಷ್ಯರಿಗೂ ಮನಸ್ಸಿನಲ್ಲೇ ಕೆಂಪು ಚೀಟಿ ಕಟ್ಟುತ್ತಿದ್ದ. ವಿಶ್ವನಾಥಪ್ಪನವರಿಗೆ ಅಂದೇ ಕಟ್ಟಿಯಾಗಿತ್ತು. ಆದರೂ ಹತ್ತು ದಿನ ಲೈಬ್ರರಿಯಲ್ಲಿ ಕೂತು ಓದಿದ. ಎರಡು ಹಾಳೆ ಬರೆದ, ಹರಿದ, ಮತ್ತೆ ಬರೆದ.

"ಅಲ್ಲಾ, ನಿಮಗೆ ಕಾರು ಓಡಿಸೋಕೇ ಬರಲ್ವಲ್ಲ?" ಎಂದಳು ಹೆಂಡತಿ ಸುಭದ್ರಾ.

"ಸಿದ್ಧಾಂತಕ್ಕೆ ಓಡಿಸೋದು ಬೇಕಿಲ್ಲ ಕಣೇ."

"ಹೌದೌದು. ಸಿದ್ಧಾಂತವನ್ನ ಸೈಕಲ್ ಕ್ಯಾರಿಯರ್‌ಗೆ ಕಟ್ಕೊಂಡು ಹೋಗಿ."

ಭಾನುವಾರ ಬೆಳಿಗ್ಗೆ ಸಾಹುಕಾರರ ಅಂಬಾಸಡರ್ ಬಂತು. ಡ್ರೈವರ್ ವೈಜನಾಥ ಬೀದರ ಕಡೆಯವನು, ಐವತ್ತರ ಆಸುಪಾಸು, ಹದಿನೆಂಟು ವರ್ಷದಿಂದ ಆ ಮನೆಯ ಗಾಡಿಗೇ ಅಂಟಿಕೊಂಡವನು. ನಿಫಾಡ್ ದಾಟುವವರೆಗೂ ಅವನ ಕಣ್ಣು ರಸ್ತೆಯ ಮೇಲೇ ಇತ್ತು. ಪಕ್ಕದಲ್ಲಿ ಕೂತ ಕೇಶವಮೂರ್ತಿ ಅಭ್ಯಾಸಬಲದಿಂದ ಅವನನ್ನೂ ಅಳೆಯುತ್ತಿದ್ದ. ಗೇರು ಬದಲಿಸುವ ಮೊದಲು ಪ್ರತಿ ಸಲವೂ ವೈಜನಾಥನ ಎಡಗೈ ಎಡತೊಡೆಯ ಕೆಳಗೆ ಹೋಗುತ್ತಿತ್ತು. ಕಾಲನ್ನು ಮೂಟೆಯ ಹಾಗೆ ಎತ್ತಿ ಕ್ಲಚ್ಚಿನ ಮೇಲೆ ಹಾಕಿ, ಅದೇ ಕೈ ತಟ್ಟನೆ ಗೇರಿಗೆ ಹಾರುತ್ತಿತ್ತು.

"ಮಂಡಿ ನೋವೇನ್ರಿ?"

"ವಯಸ್ಸಿನ್ಯಾಗ ಲಾರಿ ಹೊಡದು ಸವದ ಕಾಲು. ಸಾಹುಕಾರ್ರಿಗಿ ಗೊತ್ತಿಲ್ರಿ. ಅವರು ಹಿಂದ ಕೂಡ್ತಾರ, ಕಾಣೂದಿಲ್ಲ." ಯೇವಲೆಯ ಬಳಿ ಚಹಾಕ್ಕೆ ನಿಲ್ಲಿಸಿದಾಗ ಅವನು ವಿಷಯಕ್ಕೆ ಬಂದ. "ಸಾಹೇಬ್ರ, ನೀವು ಗೇರಿಂದೇ ಚಲೋ ಅಂತ ಬರೀರಿ."

"ಯಾಕೆ?"

"ನಮ್ಮ ಸಾಹುಕಾರ್ರು ಮೂರು ಸಲ ಗಾಡಿ ಕಲೀಲಾಕ ಹೋದ್ರು. ಕ್ಲಚ್ ಬಿಡ್ಲಾಕ ಬರೂದಿಲ್ಲ, ಗಾಡಿ ಕಪ್ಪಿಹಂಗ ಕುಣೀತದ. ಮಂದಿ ನಕ್ರು, ಬಿಟ್ರು. ಕ್ಲಚ್ಚೇ ಇರದ ಗಾಡಿ ಬಂತಂದ್ರ ಅವರೇ ಹೊಡೀತಾರ. ಆಮ್ಯಾಲ ನಾ ಯಾಕ ಬೇಕು?"

ಕೇಶವಮೂರ್ತಿಗೆ ಮೊದಲು ಬಂದದ್ದು ಮರುಕವಲ್ಲ, ತಾತ್ಸಾರ. ವೈಜ್ಞಾನಿಕ ಅಭಿಪ್ರಾಯಕ್ಕೂ ವಶೀಲಿ! ಆದರೆ ಹಾಳೆಗಳು ಜೇಬಿನಲ್ಲಿ ಚುಚ್ಚತೊಡಗಿದವು. ಎರಡೂ ಕಾರುಗಳ ಗುಣದೋಷ ಅವನ ಲೆಕ್ಕದಲ್ಲಿ ಸಮಸಮ ಬಂದಿದ್ದವು. ತಕ್ಕಡಿಯನ್ನು ಬಿಳಿ ಕಾರಿನ ಕಡೆಗೆ ಎಳೆದದ್ದು ಕೊನೆಯ ಒಂದು ಸಾಲು: 'ಕ್ಲಚ್ ಬಳಕೆ ಕಷ್ಟವಾಗುವವರಿಗೆ ಆಟೋಮ್ಯಾಟಿಕ್ಕೇ ಸೂಕ್ತ.' ಅದೊಂದನ್ನು ಓದದಿದ್ದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲ, ಒಬ್ಬನ ಅನ್ನವೂ ಉಳಿಯುತ್ತದೆ. ವೈಜಾಪುರ ಬರುವಷ್ಟರಲ್ಲಿ ಅವನು ತೀರ್ಮಾನಿಸಿದ್ದ. ತೀರ್ಮಾನಿಸಿದ ಮೇಲೆ ತಾನು ಬಹಳ ಒಳ್ಳೆಯವನು ಅನ್ನಿಸಿತು. ಕೂಡಲೇ ಆ ಅನ್ನಿಸಿಕೆಯ ಮೇಲೂ ಸಂಶಯ ಬಂತು.

ಚಿಕಲಠಾಣಾದಲ್ಲಿ ಸಾಹುಕಾರರು ಬಿಳಿ ಶೂ, ಕಪ್ಪು ಕನ್ನಡಕ, ಕೈಗೆ ತೂತಿನ ಚರ್ಮದ ಗವಸು ಹಾಕಿಕೊಂಡು ನಿಂತಿದ್ದರು. ಸ್ಟೀರಿಂಗ್ ಮುಟ್ಟದ ಕೈಗಳಿಗೆ ಗವಸು! ಕೇಶವಮೂರ್ತಿ ಎರಡನೆಯ ಕೆಂಪು ಚೀಟಿ ಕಟ್ಟಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದ. ಆಟೋಮ್ಯಾಟಿಕ್ ಪೆಟ್ಟಿಗೆ ಕೆಟ್ಟರೆ ಮುಂಬೈ ಈಚೆ ಬಿಚ್ಚುವವರಿಲ್ಲ. ಅದಕ್ಕೆ ಬೇಕಾದ ಎಣ್ಣೆ ಸಿಗುವುದಿಲ್ಲ. ಘಾಟಿನ ಇಳಿಜಾರಿನಲ್ಲಿ ಎಂಜಿನ್ನು ಗಾಡಿಯನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಬ್ಯಾಟರಿ ಸತ್ತರೆ ಊರೇ ಬಂದು ನೂಕಿದರೂ ಚಾಲೂ ಆಗುವುದಿಲ್ಲ. ಕೊನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು, "ಆದ್ದರಿಂದ ಗೇರಿನದೇ ಒಳ್ಳೆಯದು" ಎಂದು ಮುಗಿಸಿದ.

"ನೂಕಿದ್ರೂ ಆಗೂದಿಲ್ಲ?" ಸಾಹುಕಾರರು ದಲಾಲನನ್ನು ದುರುಗುಟ್ಟಿ ನೋಡಿದರು. "ನಡು ಬಜಾರದಾಗ ಮಾನ ಹೋಗಬೇಕೇನ್ ನಂದು? ಕೆಂಪುದೇ ಇರ್ಲಿ. ವೈಜನಾಥ, ಗಾಡಿ ಹತ್ತು, ಒಂದು ಸುತ್ತು ಹೊಡಿ."

ಇದು ಕೇಶವಮೂರ್ತಿಯ ಹಾಳೆಯಲ್ಲಿರಲಿಲ್ಲ.

ಆ ಕಾರಿನ ಸೀಟು ನೆಲದಿಂದ ಒಂದೇ ಗೇಣು ಮೇಲಿತ್ತು. ಒಳಗೆ ಕೂತ ವೈಜನಾಥನ ಕಾಲುಗಳು ಮುಂದಕ್ಕೆ ಉದ್ದ ಚಾಚಿಕೊಂಡವು. ಅಂಬಾಸಡರಿನಲ್ಲಾದರೆ ಕುರ್ಚಿಯ ಮೇಲೆ ಕೂತ ಹಾಗೆ, ಎತ್ತಿ ಬಿಟ್ಟ ಕಾಲು ತನ್ನ ಭಾರಕ್ಕೇ ಪೆಡಲಿನ ಮೇಲೆ ಬೀಳುತ್ತಿತ್ತು. ಇಲ್ಲಿ ಕಾಲು ಬೀಳುವಂತಿಲ್ಲ, ಮುಂದಕ್ಕೆ ತಳ್ಳಬೇಕು. ತಳ್ಳುವುದು ಮಂಡಿಯ ಕೆಲಸ. ಕೈ ಅಲ್ಲಿ ಏನೂ ಮಾಡಲಾರದು. ಪಕ್ಕದ ಸೀಟಿನಲ್ಲಿ ಸಾಹುಕಾರರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಈಗ ಎಲ್ಲವೂ ಕಾಣುತ್ತಿತ್ತು.

ಕಾರು ಒಮ್ಮೆ ನೆಗೆದು ಬಂದ್ ಆಯಿತು. ಮತ್ತೆ ನೆಗೆಯಿತು, ಮತ್ತೆ ಬಂದ್ ಆಯಿತು. ಮೂರನೆಯ ಸಲ ಗೇರು ಕರಕರ ಹಲ್ಲು ಕಡಿಯಿತು. ವೈಜನಾಥನ ಹಣೆಯಿಂದ ಬೆವರು ಇಳಿಯಿತು.

"ಅರೇ, ಇಸ್ಕಾ ತೋ ಪೈರ್ ಹೀ ಗಯಾ!" ದಲಾಲ ವೈಜನಾಥನ ಕಾಲು ತೋರಿಸಿ ನಕ್ಕ.

ಸಾಹುಕಾರರು ಇಳಿದು ಪ್ಯಾಂಟು ಕೊಡವಿಕೊಂಡರು. "ಎಷ್ಟು ದಿವಸದ್ದಲೇ ಇದು? ಈ ಕಾಲಿನ ಮ್ಯಾಲ ನನ್ನ ಮನಿ ಮಂದೀನ್ನ ವೇರೂಳದ ಗುಡಿಗಿ ಒಯ್ದು ತರ್ತಿದ್ದಿ?"

ವೈಜನಾಥ ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಕಾರಿನ ಹೊರಗಿಟ್ಟ. ಕೇಶವಮೂರ್ತಿ ನಡುವೆ ಬಂದ. ಹೆಬ್ಬೆರಳ ಬೆವರಿಗೆ ಕೊನೆಯ ಸಾಲಿನ ಮಸಿ ಹರಡಿತ್ತು. "ಸಾಹುಕಾರ್ರೇ, ಒಂದು ಸಾಲು ಓದೋದು ಬಿಟ್ಟೆ. ಕ್ಲಚ್ ಕಷ್ಟವಾಗೋರಿಗೆ ಆಟೋಮ್ಯಾಟಿಕ್ಕೇ ಸೂಕ್ತ ಅಂತ ಬರೆದಿದೀನಿ. ಬಿಳೀದು ತಗೊಳ್ಳಿ, ಇವರೇ ಓಡಿಸ್ತಾರೆ."

"ಕ್ಲಚ್ ಇರದ ಗಾಡಿಗಿ ಡ್ರೈವರ್ ಯಾಕ್ರಿ? ನಾನೇ ಹೊಡೀತೀನಲ್ಲ." ಸಾಹುಕಾರರು ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. ತನ್ನ ಕಾರ್ಖಾನೆಯ ಮೇಜಿನ ಮೇಲೆ ಬಿಡಿಭಾಗಗಳು ಹೇಗೆ ಮಲಗಿರುತ್ತವೆ ಎಂಬುದು ಕೇಶವಮೂರ್ತಿಗೆ ಆಗ ತಿಳಿಯಿತು. "ಅರ್ಧ ತಾಸಿನ್ಯಾಗ ಎರಡು ಮಾತು. ಇಂಜಿನಿಯರ್ ಸಾಹೇಬ್ರ, ನಿಮಗ ಗಾಡಿ ಹೊಡೀಲಾಕ ಬರ್ತದೇನು?"

"ಇಲ್ಲ."

"ಛೀ!" ಎಂದರು. ಅಷ್ಟೇ. ಆಮೇಲೆ ವೈಜನಾಥನ ಕಡೆ ತಿರುಗಿ, "ಇವರ್ನ ನಾಶಿಕಕ್ಕ ಬಿಟ್ಟು ಬಾ. ನಾಳಿ ಕೀಲಿ ಲೆಕ್ಕ ಬರಿಯೂ ಮುನೀಮಗ ಕೊಟ್ಟು ಊರಿಗಿ ಹೋಗು" ಎಂದು ಹೇಳಿ ಬಿಳಿ ಕಾರಿನ ಬಾಗಿಲು ತೆಗೆದರು.

ಅಂಬಾಸಡರ್ ಚಿಕಲಠಾಣಾ ಬಿಡುವಾಗ ಬಿಳಿ ಕಾರು ಪಕ್ಕದಲ್ಲೇ ಸರ್ರನೆ ಹಾದುಹೋಯಿತು. ಗವಸಿನ ಒಂದು ಕೈ ಕಿಟಕಿಯ ಹೊರಗಿತ್ತು.

ವೈಜಾಪುರದ ಆಚೆ, ಹೊತ್ತು ಇಳಿಯುವಾಗ, ವೈಜನಾಥ ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ ಎಂಜಿನ್ನು ಬಂದ್ ಮಾಡಿದ.

"ಈ ಕಡಿ ಬರ್ರಿ."

"ನನಗೆ ಬರಲ್ಲ ವೈಜನಾಥ."

"ಹೊಡೀರಿ ಅಂತ ಯಾರಂದ್ರು? ಕೂಡ್ರಿ."

ಕೇಶವಮೂರ್ತಿ ಮೊದಲ ಸಲ ಸ್ಟೀರಿಂಗಿನ ಹಿಂದೆ ಕೂತ. ವೈಜನಾಥ ಬಾಗಿಲಿಗೆ ಒರಗಿ ಬೀಡಿ ಹಚ್ಚಿದ.

"ಎಡಗಾಲಲೆ ಕ್ಲಚ್ ಒತ್ರಿ. ಪೂರಾ. ಹ್ಞಾಂ, ಹಂಗೇ ಹಿಡೀರಿ."

ಒಂದು ನಿಮಿಷಕ್ಕೆ ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಮೀನಖಂಡ ಬಿಗಿಯಿತು. ಆಮೇಲೆ ಮಂಡಿ ಸಣ್ಣಗೆ ನಡುಗತೊಡಗಿತು. ಕ್ಲಚ್ಚಿನ ಸ್ಪ್ರಿಂಗಿನ ಬಲಕ್ಕೆ ಸೂತ್ರವಿದೆ. ಅದನ್ನು ಅವನು ಸಂಜೆ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದ.

"ಬಿಡ್ಲೇನ್ರಿ?"

"ಬಿಡಬ್ಯಾಡ್ರಿ. ನಂದು ಇನ್ನೂ ಅರ್ಧ ಬೀಡಿ ಅದ."

ಕೇಶವಮೂರ್ತಿ ಬಿಡಲಿಲ್ಲ. ನಡುಗುವ ತೊಡೆಯ ಕೆಳಗೆ ಅವನ ಎಡಗೈ ತಾನಾಗಿ ಹೋಯಿತು.