ಸಾವಿನ ಮನೆಯ ಮಾತುಗಾರ

ಬೈಲಹೊಂಗಲದ ಬಸಯ್ಯನವರು ಯಾರು ಕರೆದರೂ ಹೋಗುತ್ತಿದ್ದರು, ಯಾವ ವಿಷಯ ಕೊಟ್ಟರೂ ಮಾತಾಡುತ್ತಿದ್ದರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ, ಮದುವೆಯ ಚಪ್ಪರದಲ್ಲಿ ಗೃಹಸ್ಥ ಧರ್ಮ, ಹೊಸ ಬಾವಿಗೆ ನೀರು ಬಂದರೆ ಗಂಗೆಯ ಮಹಿಮೆ. ಕಿತ್ತೂರಿನ ವ್ಯಾಪಾರಸ್ಥರು ಹೊಸ ಅಂಗಡಿ ತೆರೆದಾಗಲೂ ಅವರೇ ಬೇಕು. "ಅಯ್ಯಾರ ಬಾಯಾಗ ಇಲ್ಲದ್ದು ಯಾವ ಊರಾಗೂ ಇಲ್ಲ" ಎಂದು ಜನ ಹೇಳುತ್ತಿದ್ದರು. ಆ ಮಾತನ್ನು ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು, ಒಳಗೆ ಬೆಲ್ಲ ತಿಂದಂತಾಗುತ್ತಿತ್ತು.

ಪುರಾಣಕ್ಕೆ ಕುಳಿತಾಗ ಅವರ ಎಡಗಡೆ ವೀರಪ್ಪ ಕೂಡುತ್ತಿದ್ದ. ಪದ್ಯವನ್ನು ರಾಗವಾಗಿ ಓದುವುದು ವೀರಪ್ಪನ ಕೆಲಸ, ಅರ್ಥ ಬಿಡಿಸಿ ಹೇಳುವುದು ಬಸಯ್ಯನವರದು. ತಂದೆತಾಯಿ ಇಲ್ಲದ ವೀರಪ್ಪ ಬಸಯ್ಯನವರ ಮನೆಯಲ್ಲೇ ಬೆಳೆದವನು. ಅವರ ತಾಯಿ ದೇವಕ್ಕ ಇಬ್ಬರಿಗೂ ಒಂದೇ ಬುಟ್ಟಿಯ ರೊಟ್ಟಿ ಹಾಕುತ್ತಿದ್ದಳು. ಮದುವೆಯಾದ ಮೇಲೆ ವೀರಪ್ಪ ಹಿಂದಿನ ಓಣಿಯಲ್ಲಿ ಬೇರೆ ಮನೆ ಮಾಡಿದ. ಆದರೂ ಸಂಜೆಗೊಮ್ಮೆ ಬಂದು ದೇವಕ್ಕನ ಹತ್ತಿರ ಕೂತು ಹೋಗುವುದು ಬಿಟ್ಟಿರಲಿಲ್ಲ.

ಆ ವರ್ಷ ಪ್ಲೇಗು ಬಂತು. ಇಲಿ ಬಿದ್ದ ಸುದ್ದಿ ಹಬ್ಬುತ್ತಲೇ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಸತ್ತವರನ್ನು ಅವಸರದಲ್ಲಿ ಮಣ್ಣು ಮಾಡಿ ಬಂದವರಿಗೆ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಬೇನೆ ಇಳಿದು ತಿರುಗಿ ಮನೆ ಸೇರಿದಾಗ, ಬಾಗಿಲು ತೆರೆದ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಕಡಿಮೆಯಾಗಿದ್ದರು.

ವೀರಪ್ಪನ ನೆರೆಮನೆಯ ಹಣಮಂತಪ್ಪ ಬೇನೆಯಲ್ಲಿ ಸತ್ತ ತಾಯಿಯ ದಿವಸ ಮಾಡಿ, ತಡವಾಗಿಯಾದರೂ ಜನರನ್ನು ಕರೆದು ಊಟ ಹಾಕಬೇಕೆಂದುಕೊಂಡ. ಬಸಯ್ಯನವರು ಕಿತ್ತೂರಿಗೆ ಹೋಗಿದ್ದರು. "ನೀವ ನಾಕ ಮಾತ ಹೇಳ್ರಿ ವೀರಪ್ಪಣ್ಣ" ಎಂದ. ವೀರಪ್ಪನಿಗೆ ಪದ್ಯ ಓದುವುದು ಗೊತ್ತೇ ಹೊರತು ಅರ್ಥ ಹೇಳಿ ಅಭ್ಯಾಸವಿಲ್ಲ. ಏನು ಹೇಳಬೇಕೆಂದು ತಿಳಿಯದೆ ಅವನು ಹಿಂದಿನ ದಿನ ಆ ಮನೆಗೆ ಹೋಗಿ, ಮುದುಕಿ ಹೇಗಿದ್ದಳು, ಯಾರನ್ನು ಬೈಯುತ್ತಿದ್ದಳು, ಯಾವ ಹಾಡು ಹಾಡುತ್ತಿದ್ದಳು ಎಂದು ಸೊಸೆಯನ್ನೂ ಮಕ್ಕಳನ್ನೂ ಕೇಳುತ್ತ ಕೂತ. ಮರುದಿನ ಅದನ್ನೇ ಹೇಳಿದ. ಮುದುಕಿ ಕಟ್ಟಿಗೆ ಒಲೆಯ ಮುಂದೆ ಕೂತು ಸೊಸೆಗೆ ಕೇಳುವಂತೆ ಬೆಕ್ಕನ್ನು ಬೈಯುತ್ತಿದ್ದುದನ್ನು ಹೇಳಿದಾಗ ಸೇರಿದವರು ನಕ್ಕರು. ನಗುತ್ತ ನಗುತ್ತ ಹಣಮಂತಪ್ಪ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟ. ಅವನು ಅತ್ತದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಅದರ ಬೆನ್ನಿಗೆ ಇನ್ನೊಂದು ಮನೆಯವರು ಬಂದರು, ಮತ್ತೊಂದು ಓಣಿಯವರು ಬಂದರು. ಶ್ರಾವಣ ಹತ್ತಿರವಾದಾಗ ವೀರಪ್ಪ ಬಸಯ್ಯನವರ ಮುಂದೆ ಕೈಕಟ್ಟಿ ನಿಂತ.

"ಅಯ್ಯಾರ, ಈ ಸಲ ಪುರಾಣಕ್ಕ ಬ್ಯಾರೆಯವರ್ನ ನೋಡ್ಕೋರಿ. ನಾ ಇನ್ನ ಸಾವಿನ ಮನ್ಯಾಗ ಅಷ್ಟ ಮಾತಾಡಬೇಕಂತ ಮಾಡೇನಿ."

ಬಸಯ್ಯನವರು ನಕ್ಕರು. "ಅದಷ್ಟ? ಮದಿವಿಗೆ ಹೋಗೂದಿಲ್ಲ, ಮಠಕ್ಕ ಹೋಗೂದಿಲ್ಲ? ಅಂಗಡ್ಯಾಗ ಬರೇ ಉಪ್ಪ ಇಟಗೊಂಡು ಕುಂತ್ರ ಹೊಟ್ಟಿ ತುಂಬತದೇನೋ?"

"ಉಪ್ಪ ಬೇಕಾದವರು ಅದ ಅಂಗಡಿ ಹುಡಿಕ್ಕೊಂಡು ಬರತಾರ್ರಿ."

"ಹೋಗು, ಹೋಗು. ದೀಪಾವಳಿಗೆ ತಿರಗಿ ಬರತಿ."

ದೀಪಾವಳಿಗೆ ವೀರಪ್ಪ ಊರಲ್ಲೇ ಇರಲಿಲ್ಲ. ಸವದತ್ತಿಯಿಂದ ಬಂಡಿ ಬಂದಿತ್ತು. ಅದಾದ ಮೇಲೆ ರಾಮದುರ್ಗದಿಂದ ಬಂತು, ತೊರಗಲ್ಲಿನಿಂದ ಬಂತು. ಅವನ ಕಟ್ಟಳೆ ಎಲ್ಲರಿಗೂ ಗೊತ್ತಾಯಿತು: ಒಂದು ದಿನ ಮೊದಲೇ ಕರೆಸಬೇಕು, ಮನೆಯವರು ಒಬ್ಬೊಬ್ಬರಾಗಿ ಅವನ ಜೊತೆ ಕೂತು ಮಾತಾಡಬೇಕು, ಸತ್ತವರ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಕೊಟ್ಟಷ್ಟು ಕಾಣಿಕೆ ತೆಗೆದುಕೊಳ್ಳುತ್ತಿದ್ದ, ಬೇರೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಕಿತ್ತೂರಿನ ದೊಡ್ಡ ವ್ಯಾಪಾರಸ್ಥನೊಬ್ಬ ಮಗನ ಮದುವೆಗೆ ಅವನನ್ನು ಕರೆಯಲು ಬಂದ. ವೀರಪ್ಪ ಒಲ್ಲೆನೆಂದ. ಆ ಮನುಷ್ಯ ಅಲ್ಲಿಂದ ನೆಟ್ಟಗೆ ಬಸಯ್ಯನವರ ಮನೆಗೆ ಬಂದು, "ವೀರಪ್ಪನವರು ನಿಮ್ಮ ಹೆಸರು ಹೇಳಿದ್ರು. ಮದಿವಿ ಮಾತು ನಿಮ್ಹಂಗ ಯಾರಿಗೂ ಬರೂದಿಲ್ಲಂತ" ಎಂದ.

ಬಸಯ್ಯನವರು ಒಪ್ಪಿಕೊಂಡರು. ಮದುವೆಯಲ್ಲಿ ಮಾತಾಡಿದರು, ಜನ ಮೆಚ್ಚಿದರು, ಶಾಲು ಹೊದಿಸಿದರು. ಮನೆಗೆ ಬಂದವರೇ ಆ ಶಾಲನ್ನು ಮೂಲೆಗೆಸೆದರು. ತಾವು ಎಡಗಡೆ ಕೂಡಿಸಿಕೊಂಡು ಬೆಳೆಸಿದವನು ಬೇಡವೆಂದು ಬಿಟ್ಟದ್ದು ತಮ್ಮ ಪಾಲಿಗೆ ಬಂದಿತ್ತು. ಕರೆ ಬರುವುದು ದೊಡ್ಡದಲ್ಲ. ಬಂದ ಕರೆಯನ್ನು ಒಲ್ಲೆ ಎನ್ನುವುದಿದೆಯಲ್ಲ, ಆ ಸಿರಿ ಅವರಿಗೆ ಇಡೀ ಜನ್ಮದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಅಂದಿನಿಂದ ಹಿಂದಿನ ಓಣಿಯಲ್ಲಿ ಎತ್ತಿನ ಗೆಜ್ಜೆ ಕೇಳಿದರೆ ಸಾಕು, ಅವರ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. "ಯಾವ ಊರಿನ ಬಂಡಿ ನೋಡು" ಎಂದು ಹೆಂಡತಿ ಬಾಯವ್ವನನ್ನು ಕಳಿಸುತ್ತಿದ್ದರು. ಜನರ ಮುಂದೆ ವೀರಪ್ಪನನ್ನು ಹೆಣದ ಶಾಸ್ತ್ರಿ ಎಂದು ಹಂಗಿಸುತ್ತಿದ್ದರು. ಕೇಳಿದವರು ನಗುತ್ತಿದ್ದರು, ಆದರೆ ತಮ್ಮ ಮನೆಯಲ್ಲಿ ಸಾವಾದರೆ ಅವನನ್ನೇ ಕರೆಯುತ್ತಿದ್ದರು. ಎಲ್ಲಕ್ಕಿಂತ ಉರಿಯುತ್ತಿದ್ದುದು ತಾಯಿಯ ಮಾತು. ಓಣಿಯಲ್ಲಿ ಎಲ್ಲಿ ದಿವಸವಿದ್ದರೂ ದೇವಕ್ಕ ಹೋಗಿ ಹೆಂಗಸರ ನಡುವೆ ಕೂತು ಬರುತ್ತಿದ್ದಳು. ಬಂದು ಕಣ್ಣೊರೆಸಿಕೊಳ್ಳುತ್ತ, "ನಮ್ಮ ವೀರೂ ಏನ ಛಂದ ಮಾತಾಡತಾನವ್ವಾ" ಎಂದು ಸೊಸೆಗೆ ಹೇಳುತ್ತಿದ್ದಳು. ಮಗನ ಪುರಾಣದ ಬಗ್ಗೆ ಅವಳು ಎಂದೂ ಹಾಗೆ ಹೇಳಿದ್ದು ಅವರಿಗೆ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ಬಸಯ್ಯನವರು ಕಟ್ಟೆಯ ಮೇಲೆ ಕೂತಿದ್ದಾಗ ಬಂಡಿಯೊಂದು ಬಂದು ನಿಂತಿತು.

"ಸಾವಿನ ಮನ್ಯಾಗ ಮಾತಾಡತಾರಲ್ಲರಿ, ಅವರ ಮನಿ ಯಾವುದು?" ಎಂದು ಬಂಡಿಯವನು ಕೇಳಿದ.

ಬಸಯ್ಯನವರು ಓಣಿಯ ಆಚೀಚೆ ನೋಡಿದರು. "ನಾನ. ಎಲ್ಲಿಂದ ಬಂದಿ?"

"ಸಿರಸಂಗಿಯಿಂದ್ರಿ. ಮಲಕಾಜಪ್ಪನವರು ಕಳಿಸ್ಯಾರ."

ತಾವೂ ಸಾವಿನ ಮನೆಯಲ್ಲಿ ಮಾತಾಡಬಲ್ಲರು, ಇದರಲ್ಲಿ ಸುಳ್ಳೇನು ಬಂತು ಎಂದುಕೊಂಡು ಬಸಯ್ಯನವರು ಹೆಗಲಿಗೆ ಶಾಲು ಹಾಕಿ ಬಂಡಿ ಹತ್ತಿದರು.

ಸಿರಸಂಗಿಯ ಮಲಕಾಜಪ್ಪ ಹೆಂಡತಿಯನ್ನು ಕಳೆದುಕೊಂಡಿದ್ದ ಮುದುಕ. ಬಾಗಿಲಲ್ಲೇ ಕಾಯುತ್ತಿದ್ದ. ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಎದುರಿಗೆ ಕೂತ. "ಕಾಡವ್ವ ಅಂತ್ರೀ ಆಕಿ ಹೆಸರು. ನೀವು ಕೇಳತೀರಿ ಅಂತ ಮಂದಿ ಹೇಳಿದ್ರು. ನಿನ್ನಿಯಿಂದ ಎಲ್ಲಾ ನೆನಪ ಮಾಡ್ಕೋತ ಕುಂತೇನಿ. ಆಕಿ ನಮ್ಮ ಮನಿಗೆ ಬಂದಾಗ…"

"ಅದೆಲ್ಲಾ ಇರ್ಲಿ" ಎಂದು ಬಸಯ್ಯನವರು ಕೈ ಎತ್ತಿದರು. "ಮಾತಿನ ಚಿಂತಿ ನೀವು ಮಾಡಬ್ಯಾಡ್ರಿ. ಒಂದೀಟ ಹಾಲ ತರಸ್ರಿ, ಮಕ್ಕೋತೇನಿ."

ಮುದುಕ ಹಾಲು ತರಲು ಎದ್ದುಹೋದ.

ಮರುದಿನ ಬಸಯ್ಯನವರು ಅದ್ಭುತವಾಗಿ ಮಾತಾಡಿದರು. ಕಾಯ ಮಣ್ಣಿನದೆಂದರು, ಜೀವ ಅತಿಥಿಯೆಂದರು, ಋಷಿಗಳ ಕಥೆ ತಂದರು, ರಾಜರ ಕಥೆ ತಂದರು. ಹೊತ್ತು ಏರಿದರೂ ದನಿ ಇಳಿಯಲಿಲ್ಲ. ಹೆಂಗಸರಲ್ಲೊಬ್ಬರೂ ಸೆರಗು ಕಣ್ಣಿಗೆ ಒಯ್ಯದಿದ್ದುದನ್ನು ಕಂಡು ದನಿ ಇನ್ನಷ್ಟು ಏರಿಸಿದರು. ಜನ ಗೌರವದಿಂದ ತಲೆದೂಗಿದರು. ಎಲ್ಲ ಮುಗಿದ ಮೇಲೆ ಮಲಕಾಜಪ್ಪ ಕಾಣಿಕೆಯ ತಟ್ಟೆ ಹಿಡಿದು ಬಂದ.

"ಚೊಲೋ ಹೇಳಿದ್ರಿ ಅಯ್ಯಾರ. ಭಾಳ ಓದಿದವರು ನೀವು." ಆಮೇಲೆ ಸ್ವಲ್ಪ ತಡೆದು, ಸಣ್ಣ ದನಿಯಲ್ಲಿ, "ಆದ್ರ ಕಾಡವ್ವನ ಹೆಸರು ಒಮ್ಮೆನೂ ಬರಲಿಲ್ಲಲ್ರಿ" ಎಂದ.

ಬಸಯ್ಯನವರು ಕಾಣಿಕೆಯನ್ನು ಶಾಲಿನ ಅಂಚಿಗೆ ಕಟ್ಟಿಕೊಂಡು ಬಂಡಿ ಹತ್ತಿದರು.

ಸ್ವಲ್ಪ ದಿನಕ್ಕೆ ವೀರಪ್ಪ ಮನೆಗೆ ಬಂದ. "ಸಿರಸಂಗಿಗೆ ಹೋಗಿದ್ರಂತ ಅಯ್ಯಾರ."

"ಹೋಗಿದ್ದೆ. ಸಿರಸಂಗಿ ನಿನಗ ಇನಾಮ ಕೊಟ್ಟಾರೇನು?"

"ಹಂಗಲ್ರಿ. ಅವರು ಮೊನ್ನೆ ನನ್ನೂ ಕರಸಿದ್ರು. ಆ ಮುದಕನ ಜೋಡಿ ಒಂದ ದಿನ ಕುಂತು ಬಂದೆ." ವೀರಪ್ಪ ನೆಲ ನೋಡುತ್ತ ಹೇಳಿದ, "ಮುಂದ ಹಂಗೇನರ ಹೋದ್ರ, ಮೊದಲ ಮನಿಯವರ ಮಾತ ಕೇಳ್ರಿ. ಅಷ್ಟ ಐತಿ ಇದರಾಗ, ಬ್ಯಾರೆ ಏನಿಲ್ಲ."

ಅವನು ಬೈದಿದ್ದರೆ ಬಸಯ್ಯನವರು ತಡೆದುಕೊಳ್ಳುತ್ತಿದ್ದರೇನೋ. ತಮ್ಮ ಮನೆಯಲ್ಲಿ ತಮಗೇ ಪಾಠ ಹೇಳುತ್ತಾನೆಂದು ಅವರ ಮೈಯೆಲ್ಲ ಹೊತ್ತಿಕೊಂಡಿತು.

"ನನಗ ಮಾತ ಕಲಸಾಕ ಬಂದಿ? ನಾ ಇಲ್ಲದಿದ್ರ ನೀ ಎಲ್ಲಿ ಇರತಿದ್ದಿ? ಏಳ, ಏಳ ಮೊದಲ. ಇನ್ನ ಈ ಹೊಸ್ತಿಲ ತುಳದಿ ಅಂದ್ರ ನೋಡು!"

ವೀರಪ್ಪ ಒಳಗಿನ ಬಾಗಿಲಲ್ಲಿ ನಿಂತಿದ್ದ ದೇವಕ್ಕನಿಗೆ ಕೈಮುಗಿದು ಹೊರಟುಹೋದ. ಮತ್ತೆ ಬರಲಿಲ್ಲ. ಸಂಜೆಯಾದರೆ ದೇವಕ್ಕ ಕೋಲು ಹಿಡಿದು ಹಿಂದಿನ ಓಣಿಗೆ ತಾನೇ ಹೋಗತೊಡಗಿದಳು. ಅವಳು ದಾಟಿಹೋಗುವುದನ್ನು ಬಸಯ್ಯನವರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಬಂಡಿಗಳು ಹೋದವು, ಊರುಗಳು ಹೋದವು, ಈಗ ಅವ್ವನೂ ಅವನ ಪಾಲಾದಳು ಎನ್ನಿಸುತ್ತಿತ್ತು.

ಜೋಳದ ಸುಗ್ಗಿಯ ಹೊತ್ತಿಗೆ ದೇವಕ್ಕ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಮಗನನ್ನು ಹತ್ತಿರ ಕರೆದಳು.

"ನನ್ನ ದಿವಸಕ್ಕ ವೀರೂನ್ನ ಕರೀ. ಅವ ಮಾತಾಡಲಿ."

ಬಸಯ್ಯನವರ ಮುಖ ಕಪ್ಪಿಟ್ಟಿತು. ಸಾಯುವ ತಾಯಿಯ ಮುಂದೆಯೂ ನಾಲಿಗೆ ನಿಲ್ಲಲಿಲ್ಲ. "ನಾ ಇರೂದಿಲ್ಲೇನವ್ವಾ? ಸುತ್ತ ನಾಕ ಊರಿಗೆ ಹೇಳಾಂವ ನಾನು. ನಿನಗ ನನ್ನ ಮಾತ ಸಾಲೂದಿಲ್ಲೇನು?"

ಅವಳು ಅವರ ಕೈ ಹಿಡಿದುಕೊಂಡಳು. "ನೀ ಮಗಾ ಅದಿಯಪ್ಪಾ. ಮಗಾ ಆದಾಂವ ಆ ದಿನ ಅಳಬೇಕು. ಮಾತಾಡೂದು ಬ್ಯಾರೆಯವರ ಕೆಲಸ."

ಎರಡು ದಿನಕ್ಕೆ ಅವಳು ತೀರಿಕೊಂಡಳು. ಮಣ್ಣು ಮಾಡುವಾಗ ವೀರಪ್ಪ ಗುಂಪಿನ ಹಿಂದೆ ದೂರ ನಿಂತಿದ್ದ, ಹತ್ತಿರ ಬರಲಿಲ್ಲ. ಬಸಯ್ಯನವರು ಮನೆಯಲ್ಲಿ ಕೂತು ತಾವೇ ಮಾತಾಡಬೇಕೆಂದು ಶ್ಲೋಕಗಳನ್ನು ಹೊಂದಿಸಿಕೊಂಡರು. ಬಾಯವ್ವ ಬಂದು ಎದುರಿಗೆ ನಿಂತಳು. "ಅತ್ತಿ ಹೇಳಿದ್ದನ್ನ ನಾನೂ ಕೇಳೇನಿ" ಎಂದಷ್ಟೇ ಹೇಳಿ ಒಳಗೆ ಹೋದಳು. ದಿವಸಕ್ಕೆ ಒಂದು ದಿನ ಉಳಿದಾಗ ಬಸಯ್ಯನವರು ಎದ್ದು ಹಿಂದಿನ ಓಣಿಗೆ ಹೋದರು.

ವೀರಪ್ಪ ಅಂಗಳದಲ್ಲಿ ನಿಂತಿದ್ದ.

"ನೀ ಮಾತಾಡಬೇಕಂತ ಅವ್ವ ಹೇಳಿ ಹೋಗ್ಯಾಳ" ಎಂದರು ಬಸಯ್ಯನವರು.

"ನೀವೇನಂತೀರಿ ಅಯ್ಯಾರ?"

"ನಾನೂ ಅಂತೇನಿ."

"ಹಂಗಾರ ಬರ್ರಿ, ಕುಂಡ್ರಿ. ಅಮ್ಮಾರ ಸುದ್ದಿ ಹೇಳ್ರಿ."

ಬಸಯ್ಯನವರು ಬಾಯಿ ತೆರೆದರೆ ದೊಡ್ಡ ಮಾತುಗಳೇ ಬಂದವು. ಸಾಧ್ವಿ ಎಂದರು, ಕರುಣೆಯ ಕಡಲು ಎಂದರು. ವೀರಪ್ಪ ಸುಮ್ಮನೆ ಕಾಯುತ್ತ ಕೂತ. ಆಮೇಲೆ, "ಅಮ್ಮಾರಿಗೆ ಏನ ಸೇರತಿತ್ರಿ, ಊಟದಾಗ?" ಎಂದು ಕೇಳಿದ. ಬಸಯ್ಯನವರು ಬಹಳ ಹೊತ್ತು ಯೋಚಿಸಿದರು. ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದರು. ಬುದ್ಧಿ ತಿಳಿದ ಮೇಲೆ ಅವರು ಯಾರ ಮುಂದೆಯೂ ಆ ಮಾತು ಆಡಿರಲಿಲ್ಲ.

ಆಡಿದ ಮೇಲೆ ಬೇರೆಯದು ನೆನಪಾಯಿತು. "ಸಣ್ಣಾಂವ ಇದ್ದಾಗ ನನಗ ಮಾತ ತಡೀತಿತ್ತು, ವೀರಪ್ಪ. ತೊದಲತಿದ್ದೆ. ಹುಡುಗೂರು ನಗತಿದ್ರು. ಅವ್ವ ನನ್ನ ಜ್ವಾಳದ ಹೊಲಕ್ಕ ಕರಕೊಂಡ ಹೋಗಿ ನಿಲ್ಲಸತಿದ್ದಳು. ಈ ತೆನಿಗೋಳೆಲ್ಲಾ ಮಂದಿ ಅಂತ ತಿಳಿ, ಇವು ನಗೂದಿಲ್ಲ, ಹೇಳು ಅಂತಿದ್ದಳು. ನಾ ಇದನ್ನ ಯಾರಿಗೂ ಹೇಳಿಲ್ಲ. ಎಲ್ಲಾರಿಗೂ ಗುರುವಿನ ಕೃಪಾ ಅಂತ ಹೇಳಕೋತ ಬಂದೇನಿ."

ವೀರಪ್ಪ ತಲೆಯಾಡಿಸಿದ. "ನನಗ ಗೊತ್ತಿತ್ರಿ."

ಬಸಯ್ಯನವರ ಎದೆಗೆ ಮತ್ತೆ ಮುಳ್ಳು ಚುಚ್ಚಿತು. ಅವ್ವ ಇದನ್ನೂ ಇವನಿಗೆ ಕೊಟ್ಟಿದ್ದಾಳೆ.

ದಿವಸದ ದಿನ ಪಡಸಾಲೆ ತುಂಬಿ ಅಂಗಳದವರೆಗೂ ಜನ ಕೂತರು. ಬಸಯ್ಯನವರು ಮೊದಲ ಸಲ ಕೇಳುವವರ ನಡುವೆ ನೆಲದ ಮೇಲೆ ಕೂತರು. ವೀರಪ್ಪ ಎದ್ದು ದೇವಕ್ಕನ ರೊಟ್ಟಿಯ ಬುಟ್ಟಿಯಿಂದ ಶುರು ಮಾಡಿದ, ಅವಳ ಸಿಟ್ಟಿನ ಬಗ್ಗೆ ಹೇಳಿದ, ಜೋಳದ ಹೊಲದ ಬಗ್ಗೆ ಹೇಳಿದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸುವುದು ತಮಗೆ ಬರುವುದಿಲ್ಲವೆಂದು ಬಸಯ್ಯನವರು ಆಗಲೂ ಲೆಕ್ಕ ಹಾಕುತ್ತಲೇ ಇದ್ದರು.

"ಇನ್ನೊಂದು ಮಾತು ಐತಿ" ಎಂದ ವೀರಪ್ಪ. "ಅಯ್ಯಾರು ಪುರಾಣಕ್ಕ ಕುಂತಾಗ ಅಮ್ಮಾರು ಕಂಬದ ಹಿಂದ ಕುಂಡ್ರತಿದ್ರು. ನಾ ಒಮ್ಮೆ ಕೇಳಿದ್ದೆ, ಮಗನ ಮಾತ ಹೆಂಗಿತ್ತರಿ ಅಂತ. ಅದಕ್ಕ ಅವರಂದ್ರು: ನಾ ಅವನ ಮಾತು ಒಂದೂ ಪೂರಾ ಕೇಳಿಲ್ಲೋ ವೀರೂ. ಎಲ್ಲಿ ತೊದಲತಾನೋ, ಎಲ್ಲಿ ಮಂದಿ ನಗತಾರೋ ಅಂತ ಸೆರಗ ಬಾಯಾಗ ಇಟಗೊಂಡು ಶಿವನ ನೆನಕೋತ ಕುಂತಿರತೇನಿ. ಮುಗದ ಮ್ಯಾಲ ಉಸರ ಬಿಡತೇನಿ. ನಿನ್ನ ಮಾತಾದ್ರ ಅಂಜಿಕಿಲ್ಲದ ಕೇಳಬಹುದು."

ಬಸಯ್ಯನವರ ಬಾಯಿಂದ ಒಂದು ದನಿ ಹೊರಟಿತು. ಅದು ಮಾತಾಗಲಿಲ್ಲ. ಅಷ್ಟು ಜನರ ಮುಂದೆ ಮೊಣಕಾಲಿಗೆ ಮುಖ ಹಚ್ಚಿ ಹುಡುಗನ ಹಾಗೆ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ವೀರಪ್ಪ ಮಾತು ನಿಲ್ಲಿಸಿ ಅವರ ಅಳು ಮುಗಿಯುವವರೆಗೂ ನಿಂತಿದ್ದ.

ಊಟಕ್ಕೆ ಕೂತಾಗ ಬಸಯ್ಯನವರು ಅವನನ್ನು ಪಕ್ಕಕ್ಕೆ ಕರೆದರು. ಎಲೆಯ ಮೇಲೆ ಹುಗ್ಗಿ ಬಿದ್ದಿತ್ತು, ಇಬ್ಬರೂ ಮುಟ್ಟಿರಲಿಲ್ಲ.

"ಅದನ್ನ ನಿನಗ ಯಾಕ ಹೇಳಿದಳು? ನನಗ ಯಾಕ ಹೇಳಲಿಲ್ಲ?" ದನಿಯಲ್ಲಿ ಹಳೆಯ ಉರಿ ಇನ್ನೂ ಇತ್ತು, ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ.

"ನಿಮಗ ಹೇಳಿದ್ರ ನೀವು ಮಾತಾಡೂದ ಬಿಟ್ಟಬಿಡತಿದ್ರಿ ಅಯ್ಯಾರ."

ಬಸಯ್ಯನವರು ಅವನ ಕಡೆ ತಿರುಗಿ ಕೂತರು.

"ಮತ್ತೇನೇನ ಹೇಳ್ಯಾಳ, ಹೇಳು" ಎಂದರು. "ನಾ ಕೇಳತೇನಿ."