ಫ್ರಿಜ್ ಮಾವನ ಎಡ ಹುಬ್ಬು

ಬೇಸಿಗೆಯಲ್ಲಿ ಫ್ರಿಜ್ ಕೆಟ್ಟರೆ ಮನೆಮಂದಿಯ ತಲೆಯೂ ಕೆಡುತ್ತದೆ. ಅಂಥ ಬೇಸಿಗೆಯಲ್ಲೇ ನಮ್ಮ ಬೀದಿಯ ಫ್ರಿಜ್ ಮಾವ ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಇಪ್ಪತ್ತೆರಡು ವರ್ಷದಿಂದ ರಿಪೇರಿ ಮಾಡುತ್ತಿರುವ ಮನುಷ್ಯ, ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಬಂದು ಕೂರುತ್ತಿದ್ದವರು.

ಐದನೆಯ ದಿನ ಅವರ ನಾದಿನಿ ಮನೆಗೆ ಬಂದಳು. ಆಕೆ ಸಮುದಾಯ ಕಾಲೇಜಿನಲ್ಲಿ ಫ್ರಿಜ್, ಎಸಿ ರಿಪೇರಿ ಕಲಿಸುವ ಟೀಚರು.

"ಏನ್ ಭಾವ, ಮನೆಯೊಳಗೂ ಟೋಪಿ?"

"ಸುಮ್ನೆ."

ಮಾವನ ಹೆಂಡತಿ ಹಿಂದಿನಿಂದ ಬಂದು ಟೋಪಿ ಎತ್ತಿದರು. ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ.

"ಶೇವ್ ಮಾಡುವಾಗ ಕೈ ಜಾರ್ತು" ಎಂದರು ಮಾವ.

"ಗಡ್ಡದಿಂದ ಹುಬ್ಬಿನವರೆಗೂ ಜಾರ್ತಾ?"

ಹೆಂಡತಿಯೇ ನಿಜ ಹೇಳಿದರು. ಮಾವನ ಪದ್ಧತಿ ಎಂದರೆ ಮೊದಲು ಬೆಂಕಿ ಉಗುಳುವ ಬೆಸುಗೆಯ ಟಾರ್ಚ್ ಹಚ್ಚಿ ಪಕ್ಕಕ್ಕಿಡುವುದು, ಆಮೇಲೆ ಪೈಪ್ ಕತ್ತರಿಸಿ ಒಳಗಿನ ಗ್ಯಾಸನ್ನು ಗಾಳಿಗೆ ಬಿಡುವುದು. ಹೊತ್ತು ಉಳಿಯುತ್ತದೆ ಎಂಬ ಲೆಕ್ಕಾಚಾರ. ಇಷ್ಟು ವರ್ಷ ಏನೂ ಆಗಿರಲಿಲ್ಲ. ಐದು ದಿನದ ಹಿಂದೆ ಬಂದ ಹೊಸ ಫ್ರಿಜ್ಜಿನ ಗ್ಯಾಸ್ ಭಗ್ಗೆಂದು ಹತ್ತಿಕೊಂಡಿತು.

"ಯಾವ ಗ್ಯಾಸ್ ಅಂತ ನೋಡಿದ್ರಾ ಭಾವ?"

"ಗ್ಯಾಸ್ ಅಂದ್ರೆ ಗ್ಯಾಸು. ಅದ್ರಲ್ಲಿ ಯಾವ್ದು ಅಂತ ಏನು?"

"ಫ್ರಿಜ್ ಬೆನ್ನಲ್ಲಿ ಚೀಟಿ ಅಂಟಿಸಿರ್ತಾರೆ. ಉರಿಯೋ ಗ್ಯಾಸ್ ಇದ್ರೆ ಬೆಂಕಿ ಚಿತ್ರ ಇರುತ್ತೆ."

"ಅದಾ? ಅದನ್ನ ನಾನು ಕಂಪನಿಯವರ ಗುರುತು ಅಂದ್ಕೊಂಡಿದ್ದೆ."

ನಾದಿನಿ ನಗಲಿಲ್ಲ. "ನೀವು ಇಷ್ಟು ದಿನ ಬಿಟ್ಟ ಹಳೇ ಗ್ಯಾಸ್ ಉರೀತಿರ್ಲಿಲ್ಲ, ಸರಿ. ಆದ್ರೆ ಅದು ಮೇಲೆ ಹೋಗಿ ಕಾವನ್ನ ಹಿಡಿದಿಟ್ಕೊಳ್ಳುತ್ತೆ. ಈ ಕೈಯಲ್ಲಿ ಫ್ರಿಜ್ ತಣ್ಣಗೆ ಮಾಡಿ, ಆ ಕೈಯಲ್ಲಿ ಊರು ಕಾಯಿಸ್ತಿದ್ರಿ. ಅದನ್ನ ಗಾಳಿಗೆ ಬಿಡದೆ ಮಶೀನಿಂದ ಸಿಲಿಂಡರಿಗೆ ಎಳ್ಕೋಬೇಕು. ಹೊಸ ಗ್ಯಾಸಿಂದ ಗಾಳಿಗೆ ಅಷ್ಟು ಕೇಡಿಲ್ಲ, ಆದ್ರೆ ಕಿಡಿ ಸಾಕು, ಹತ್ಕೊಳ್ಳುತ್ತೆ. ಎರಡಕ್ಕೂ ಕೆಲಸದ ರೀತಿ ಬೇರೆ. ಕಾಲೇಜಲ್ಲಿ ಮೂರು ತಿಂಗಳು, ಶನಿವಾರ ಭಾನುವಾರ ಬೆಳಗ್ಗೆ ಹೇಳ್ಕೊಡ್ತೀವಿ."

"ತಲೆ ನರೆತ ಮೇಲೆ ಬೆಂಚಲ್ಲಿ ಕೂರ್ಲಾ? ಬೇಡ. ಅಂಗಡಿ ಬೋರ್ಡೇ ಇಳಿಸಿಬಿಡ್ತೀನಿ."

"ಒಂದು ಹುಬ್ಬಿಗೆ ಅಂಗಡಿ ಮುಚ್ತೀರಾ?"

ಮಾವ ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತಾ ಕೂತರು. "ಹುಬ್ಬಿಗಲ್ಲಮ್ಮ. ನಿಮ್ಮಕ್ಕ ಟೀ ಹಿಡ್ಕೊಂಡು ನನ್ನ ಬೆನ್ನ ಹಿಂದೇನೇ ನಿಂತಿದ್ಲು. ಒಂದು ಹೆಜ್ಜೆ ಮುಂದೆ ಬಂದಿದ್ರೆ?"

ಅವರಿಗೆ ಹೆದರಿಕೆಯಾಗಿತ್ತು. ನಾಲ್ಕು ದಿನ ಅದನ್ನೇ ಟೋಪಿಯಡಿ ಮುಚ್ಚಿಟ್ಟುಕೊಂಡಿದ್ದರು.

"ಆ ಚಿತ್ರ ಏನು ಅಂತ ಗೊತ್ತಿಲ್ದೆ ಟಾರ್ಚ್ ಹಚ್ಚೋರು ನೀವೊಬ್ರೇ ಅಲ್ಲ ಭಾವ" ಎಂದಳು ನಾದಿನಿ. "ಅವ್ರ ಬೆನ್ನ ಹಿಂದೇನೂ ಯಾರೋ ನಿಂತಿರ್ತಾರೆ. ಶನಿವಾರ ಬನ್ನಿ."

"ಹೋಗಿ" ಎಂದರು ಹೆಂಡತಿ. "ನೀವು ಕಲಿತು ಬರೋವರೆಗೂ ಅಂಗಡಿಗೆ ಟೀ ಇಲ್ಲ."

ಮಾವ ಹೋದರು, ಟೋಪಿ ಹಾಕಿಕೊಂಡೇ ಹೋದರು. ತರಗತಿಯಲ್ಲಿ ಚೀಟಿಯ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: "ನೋಡದಿದ್ರೆ ಏನಾಗುತ್ತೆ ಮೇಡಂ?" ಟೀಚರ್ ಉತ್ತರ ಕೊಡುವ ಮೊದಲೇ ಮಾವ ಎದ್ದು ನಿಂತು ಟೋಪಿ ತೆಗೆದರು. ಆ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಲಿಲ್ಲ.

ಮೂರು ತಿಂಗಳಲ್ಲಿ ಹುಬ್ಬೂ ಬಂತು, ಸರ್ಟಿಫಿಕೇಟೂ ಬಂತು. ಈಗ ಮಾವ ಮೊದಲು ಚೀಟಿ ಓದುತ್ತಾರೆ, ಕಿಟಕಿ ತೆರೆಯುತ್ತಾರೆ. ಬೆಂಕಿಯ ಸರದಿ ಬಂದರೆ ಅದು ಕಟ್ಟಕಡೆಗೆ. ಅಂಗಡಿಗೆ ಟೀ ಮತ್ತೆ ಬರುತ್ತಿದೆ.

ಇದನ್ನು ಓದುತ್ತಿರುವ ರಿಪೇರಿ ಕಸುಬಿನ ಅಕ್ಕ, ಅಣ್ಣ, ನಿಮ್ಮ ಕೈಗೆ ಕೆಲಸ ಗೊತ್ತಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಫ್ರಿಜ್, ಬ್ಯಾಟರಿ, ಮೋಟಾರು ಎಲ್ಲವೂ ಬದಲಾಗುತ್ತಿವೆ. ಹತ್ತಿರದ ಸಮುದಾಯ ಕಾಲೇಜಿಗೆ ಹೋಗಿ, ನಿಮ್ಮ ಕಸುಬಿಗೆ ಯಾವ ಹೊಸ ತರಬೇತಿ ಇದೆ ಎಂದು ವಿಚಾರಿಸಿ. ಎರಡೂ ಹುಬ್ಬು ಜಾಗದಲ್ಲಿರುವಾಗಲೇ ಹೋಗಿ.