ಹಿಂದೆ ನಿಂತು ನೋಡುವವಳು

ಬ್ರೇಕ್ ಲೈಟಿನ ಸ್ವಿಚ್ಚಿಗೆ ಹದಿನೆಂಟು ಡಾಲರ್. ಅದನ್ನು ಬಿಚ್ಚುವಾಗ ಚೆಲ್ಲಿಹೋದ ಬ್ರೇಕ್ ಆಯಿಲ್ಲಿನ ಬದಲಿಗೆ ಹೊಸ ಡಬ್ಬ, ಹದಿನಾಲ್ಕು. ರಸ್ತೆಗಿಳಿಯಲು ಅಪ್ಪಣೆ ಕೊಡುವ ತಪಾಸಣೆಗೆ ಕಾರನ್ನು ಹೊತ್ತೊಯ್ಯುವ ಟ್ರೇಲರಿನ ಬಾಡಿಗೆ ಒಂದು ಸಲಕ್ಕೆ ಅರವತ್ತು. ಎರಡು ಸಲ ಹೋಗಿ ಫೇಲಾಗಿ ಬಂದದ್ದಕ್ಕೆ ನೂರಿಪ್ಪತ್ತು. ತಪಾಸಣೆಯ ಫೀಸು ಬೇರೆ. ತನ್ನ ಗಾಡಿಗೆ ಟ್ರೇಲರ್ ಕಟ್ಟಿ ಎಳೆದ ಪಕ್ಕದ ಮನೆಯ ಉಮಾಪತಿ ಮಾತ್ರ ದುಡ್ಡು ಮುಟ್ಟಲಿಲ್ಲ. ರೆಮಿಜಿಯಸನ ಹೆಂಡತಿ ಜೆರ್ಟ್ರೂಡ್ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ಒಂದು ಬಾಟಲಿ ಒಯ್ದ. ಅದರಲ್ಲಿ ಉಪ್ಪೇ ಇರಲಿಲ್ಲವೆಂದು ಅವನು ಬಾಯಿಬಿಟ್ಟದ್ದು ಬಹಳ ದಿನಗಳ ನಂತರ.

ಪರ್ತ್ ನಗರದ ಅಂಚಿನ ಪಿಯಾರಾ ವಾಟರ್ಸಿನಲ್ಲಿ ಹೊಸ ಮನೆಗಳ ಸಾಲು. ಎಲ್ಲರ ಗ್ಯಾರೇಜಿನಲ್ಲೂ ಅಂಗಡಿಯಿಂದ ತಂದ ಕಾರು. ರೆಮಿಜಿಯಸನ ಗ್ಯಾರೇಜಿನಲ್ಲಿ ಮಾತ್ರ ಅವನೇ ಜೋಡಿಸಿದ ಕಾರು. ಬಿಡಿಭಾಗಗಳೆಲ್ಲ ಪೆಟ್ಟಿಗೆಯಲ್ಲಿ ಬರುತ್ತವೆ, ಕೂಡಿಸಿಕೊಳ್ಳುವ ಕೆಲಸ ಕೊಂಡವನದು. ಕಿಟ್ ಕಾರು ಎನ್ನುತ್ತಾರೆ. ಎರಡೇ ಸೀಟು, ಮೇಲೆ ಮಾಡು ಇಲ್ಲ, ಕೂತರೆ ಸೊಂಟ ನೆಲಕ್ಕೆ ಒಂದು ಗೇಣು. ಬಹರೈನಿನ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಊರವರ ಕಾರುಗಳ ಕೆಳಗೆ ಮಲಗಿದವನು ಇದರ ಕೆಳಗೆ ಒಂಬತ್ತು ವರ್ಷ ಮಲಗಿದ್ದ. ೨೦೧೬ರ ಹೊತ್ತಿಗೆ ಎಲ್ಲ ಮುಗಿದಿತ್ತು. ಬ್ರೇಕ್ ಒತ್ತಿದರೆ ಹಿಂದಿನ ದೀಪ ಹತ್ತುತ್ತಿರಲಿಲ್ಲ, ಅಷ್ಟೆ.

ದೀಪ ನೋಡುವುದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಹರೈನಿನಲ್ಲಿ ಹಳೆಯ ಪಿಕಪ್ ಇದ್ದ ಕಾಲದಿಂದ ಬಂದದ್ದು. ರೆಮಿಜಿಯಸ್ ಒಳಗೆ ಕೂತು ಪೆಡಲ್ ಒತ್ತಬೇಕು, ಜೆರ್ಟ್ರೂಡ್ ಹಿಂದೆ ನಿಂತು ಹೇಳಬೇಕು. ಒತ್ತಿದವನಿಗೆ ಕಾಣುವುದಿಲ್ಲ, ಕಂಡವಳು ಹೇಳಿದ್ದೇ ಸತ್ಯ. ಅವಳು ಹಾಸನದಲ್ಲಿ ಬೆಳೆದವಳು. ಗಂಡಹೆಂಡಿರ ಜಗಳ ಕೊಂಕಣಿಯಲ್ಲಿ ನಡೆದರೂ ಗ್ಯಾರೇಜಿನ ಮಾತು ಮಾತ್ರ ಕನ್ನಡದಲ್ಲೇ.

"ಹತ್ತಿತಾ?"

"ಹತ್ತಿತು ರೀ. ಎರಡೂ."

ಪೆಡಲ್ಲಿಗೆ ಒಂದು ಕೋಲು ಕೊಟ್ಟು ತಾನೇ ಹಿಂದೆ ಹೋಗಿ ನೋಡಬಹುದಿತ್ತು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಆ ಯೋಚನೆ ಅವನಿಗೆ ಬಂದೇ ಇರಲಿಲ್ಲ.

ಮೊದಲ ತಪಾಸಣೆಯಲ್ಲಿ ಹಳೆಯ ಸ್ವಿಚ್ಚು ಸತ್ತಿದೆ ಎಂದು ಗೊತ್ತಾಯಿತು. ಹೊಸದು ಹಾಕಿದ. ಜೆರ್ಟ್ರೂಡ್ ಹತ್ತಿತು ಎಂದಳು. ಎರಡನೆಯ ಸಲ ಒಯ್ದಾಗ ತಪಾಸಣೆಯ ಹುಡುಗಿ ಹಿಂದೆ ನಿಂತು ತಲೆಯಾಡಿಸಿದಳು. "ನೋ ಲೈಟ್ಸ್, ಮೇಟ್."

"ನನ್ನ ಹೆಂಡತಿ ಕಣ್ಣಾರೆ ನೋಡಿದ್ದಾಳೆ!" ಎಂದು ರೆಮಿಜಿಯಸ್ ಇಂಗ್ಲಿಷಿನಲ್ಲಿ ರೇಗಿದ.

ಹಾಗಾದರೆ ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬಾ ಎಂದು ಆ ಹುಡುಗಿ ನಕ್ಕಳು.

ವಾಪಸು ಬರುವಾಗ ಉಮಾಪತಿ ಸುಮ್ಮನಿರಲಿಲ್ಲ. "ರೆಮಿ ಅಂಕಲ್, ಈ ಕಾರು ನನ್ನ ಗಾಡಿ ಹಿಂದೆ ಓಡಿದಷ್ಟು ಸ್ವಂತ ಚಕ್ರದ ಮೇಲೆ ಓಡಲ್ಲ ಬಿಡಿ. ಟ್ರೇಲರ್‌ಗೇ ಲೈಸೆನ್ಸ್ ಮಾಡಿಸ್ಬಿಡೋಣ."

"ಟ್ರೇಲರಿನ ಕುಲುಕಿಗೆ ವಯರು ಸಡಿಲಾಗಿದೆ ಮಾರಾಯ. ಮನೆಯಲ್ಲಿ ಸರಿ ಇತ್ತು. ಅವಳು ನೋಡಿದ್ದಾಳೆ."

ಅವಳು ನೋಡಿದ್ದಾಳೆ ಎಂಬ ಮಾತು ಬರೀ ಕಾರಿಗೆ ಸೇರಿದ್ದಾಗಿರಲಿಲ್ಲ. ಮಕ್ಕಳಿಬ್ಬರೂ ಆರು ತಿಂಗಳಿಂದ ಅಮ್ಮನ ಮರೆವಿನ ಹಿಂದೆ ಬಿದ್ದಿದ್ದರು. ಮಗ ವೆಸ್ಲಿ ಬ್ರಿಸ್ಬೇನಿನಲ್ಲಿ, ಮಗಳು ಜೆಸಿಕಾ ಅಡಿಲೇಡಿನ ಮಾಸನ್ ಲೇಕ್ಸಿನಲ್ಲಿ. ಜೆಸಿಕಾ ತನ್ನ ಮನೆಯ ಹತ್ತಿರದ, ವಯಸ್ಸಾದವರ ಆರೈಕೆ ಮನೆಯಲ್ಲಿ ಒಂದು ಕೋಣೆ ನೋಡಿಟ್ಟಿದ್ದಳು. ತಿಂಗಳ ಕೊನೆಯೊಳಗೆ ಹೂಂ ಎನ್ನದಿದ್ದರೆ ಬೇರೆಯವರಿಗೆ ಹೋಗುತ್ತದೆ.

ಮೈಸೂರಿನ ಕಡೆಯ ಡಾಕ್ಟರ್ ಅಹಲ್ಯಾ ಪರೀಕ್ಷೆ ಮಾಡಿ ಸಮಾಧಾನದಲ್ಲೇ ಹೇಳಿದ್ದಳು: "ಅಂಕಲ್, ಮರೆವು ಶುರುವಾಗಿದೆ. ಆದ್ರೆ ಆಂಟಿ ಹೇಳೋದನ್ನ ನೀವು ಎಲ್ಲಿವರೆಗೆ ನಂಬಬಹುದೋ ಅಲ್ಲಿವರೆಗೆ ಮನೇಲೇ ಇಟ್ಕೋಬಹುದು. ಗ್ಯಾಸ್ ಆಫ್ ಮಾಡಿದೆ, ಮಾತ್ರೆ ತಗೊಂಡೆ ಅನ್ನೋದೆಲ್ಲ. ಅದು ಹೋದ್ಮೇಲೆ ಒಬ್ರ ಕೈಲಿ ಆಗಲ್ಲ. ನಿಮಗೂ ಅರವತ್ತೇಳು."

ಡಾಕ್ಟರೇ ಇಟ್ಟುಕೊಳ್ಳಬಹುದು ಅಂದರಲ್ಲ ಎಂದು ರೆಮಿಜಿಯಸ್ ಗೆದ್ದವನ ಹಾಗೆ ಮನೆಗೆ ಬಂದಿದ್ದ.

ವೆಸ್ಲಿ ಬ್ರಿಸ್ಬೇನಿನಿಂದ ಬೇರೆ ಕಂಪನಿಯ ಸ್ವಿಚ್ಚು ಕಳಿಸಿ ಫೋನ್ ಮಾಡಿದ. "ಡ್ಯಾಡಿ, ಪಾರ್ಸೆಲ್ ಬಂತಾ? ಲಿಸನ್, ನಿನ್ನೆ ಮಮ್ಮಿ ಮೂರು ಸಲ ಕಾಲ್ ಮಾಡಿದ್ರು. ಮೂರು ಸಲಾನೂ ಊಟ ಆಯ್ತಾ ಅಂತ್ಲೇ ಕೇಳಿದ್ರು."

"ತಾಯಿ ಮಗನ ಹತ್ರ ಮೂರು ಸಲ ಊಟ ಆಯ್ತಾ ಕೇಳಿದ್ರೆ ಅದು ಕಾಯಿಲೆಯಾ? ನೀನು ತಾಯಿಗೆ ಒಂದು ಸಲವೂ ಕೇಳುವುದಿಲ್ಲ, ಅದಕ್ಕೆ ಯಾವ ಡಾಕ್ಟ್ರ ಹತ್ರ ಹೋಗ್ಬೇಕು?"

"ಡ್ಯಾಡಿ, ಕಮಾನ್."

"ಎಂತ ಕಮಾನ್? ನನ್ನ ಜೊತೆ ನಿಂತು ಕಾರಿನ ಲೈಟು ನೋಡಿ ಹೇಳ್ತಾಳೆ ಅವಳು. ಬರೀ ಹತ್ತಿತು ಅಲ್ಲ, ಎರಡೂ ಹತ್ತಿತು ಅಂತ ಎಣಿಸಿ ಹೇಳ್ತಾಳೆ. ಇದು ಪಾಸಾಗ್ಲಿ, ನಾನೇ ಪಕ್ಕದಲ್ಲಿ ಕೂರಿಸ್ಕೊಂಡು ಅಡಿಲೇಡಿಗೆ ಬರ್ತೇನೆ. ಜೆಸಿಕಾ ಬಾಗಿಲು ತೆಗೆದು ನೋಡ್ಲಿ ಅವಳ ತಾಯಿ ಹೇಗಿದ್ದಾಳೆ ಅಂತ."

ಮರುದಿನ ಮಧ್ಯಾಹ್ನ ಊಟ ಮುಗಿಸಿ ಕೆಲಸಕ್ಕೆ ಕೂತ. ವಯರಿನ ಕೆಲಸಕ್ಕೆ ಮೊದಲು ಬ್ಯಾಟರಿಯ ಒಂದು ಕೇಬಲ್ ಕಳಚಿಡುವುದು ವರ್ಕ್‌ಶಾಪಿನ ನಿಯಮ, ಕಳಚಿಟ್ಟ. ಬ್ರೇಕ್ ಆಯಿಲ್ಲಿನ ಪೈಪಿನಿಂದ ಹಳೆಯ ಸ್ವಿಚ್ಚನ್ನು ತಿರುಗಿಸಿ ತೆಗೆದು, ಆಯಿಲ್ ಸೋರದ ಹಾಗೆ ಬೆರಳು ಒತ್ತಿ ಹಿಡಿದು, ಹೊಸದನ್ನು ಕೂರಿಸಿ ಬಿಗಿ ಮಾಡಿದ. ಎರಡು ವಯರು ಸಿಕ್ಕಿಸಿದ. ಪೈಪಿನ ಗಾಳಿ ತೆಗೆಯುವಾಗ ಜೆರ್ಟ್ರೂಡಳೇ ಸೀಟಿನಲ್ಲಿ ಕೂತು, ಒತ್ತು ಎಂದಾಗ ಒತ್ತಿ, ಬಿಡು ಎಂದಾಗ ಬಿಟ್ಟಳು. ನೋಡು, ಎಷ್ಟು ಸರಿಯಾಗಿ ಮಾಡುತ್ತಾಳೆ ಎಂದು ಅವನಿಗೆ ಸಂತೋಷವಾಯಿತು.

ಆಮೇಲೆ ಜಾಗ ಬದಲಾಯಿಸಿದರು. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ನಿಂತಳು. ಅವನು ಒತ್ತಿದ.

"ಹತ್ತಿತಾ?"

"ಹತ್ತಿತು ರೀ. ಎರಡೂ."

"ದೇವರು ದೊಡ್ಡವನು" ಎಂದು ರೆಮಿಜಿಯಸ್ ಇಳಿದ. ಸ್ಪ್ಯಾನರ್ ಎತ್ತಿಕೊಳ್ಳಲು ಮುಂದೆ ಬಗ್ಗಿದಾಗ ಬ್ಯಾಟರಿ ಕಣ್ಣಿಗೆ ಬಿತ್ತು. ಕಳಚಿಟ್ಟ ಕೇಬಲ್ ಕಳಚಿಟ್ಟಲ್ಲೇ ಇತ್ತು. ಮತ್ತೆ ಸೇರಿಸುವುದನ್ನು ಅವನು ಮರೆತಿದ್ದ. ಆ ಕಾರಿನಲ್ಲಿ ಆಗ ಒಂದು ಬಲ್ಬೂ ಹತ್ತಲು ಸಾಧ್ಯವಿರಲಿಲ್ಲ.

ಕೇಬಲಿನ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಜೆರ್ಟಿ, ನಿಜವಾಗ್ಲೂ ಹತ್ತಿತಾ?"

"ಹತ್ತದೆ ಮತ್ತೆ? ನೀವು ರಿಪೇರಿ ಮಾಡಿದ್ದು ಯಾವತ್ತಾದ್ರೂ ಹತ್ತದೆ ಇದ್ದದ್ದುಂಟಾ?"

ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಯಾವ ಮಾತಿಗೆ ಯಾವ ಉತ್ತರ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಕಣ್ಣನ್ನು ಕೇಳಿ ಹೇಳುವುದು ಎಂದೋ ನಿಂತಿತ್ತು.

ಕೈ ಒರೆಸಿಕೊಂಡು ಒಳಗೆ ಹೋದ. "ಮಾತ್ರೆ ತಗೊಂಡ್ಯಾ?" ಎಂದು ದಿನವೂ ಕೇಳುತ್ತಿದ್ದ, "ತಗೊಂಡೆ" ಎಂದು ದಿನವೂ ಹೇಳುತ್ತಿದ್ದಳು. ಡಬ್ಬ ಸುರಿದು ಎಣಿಸಿದ. ಹತ್ತೊಂಬತ್ತು ದಿನದ ಮಾತ್ರೆ ಅಲ್ಲೇ ಇತ್ತು. ಒಲೆಯ ಮೇಲೆ ಖಾಲಿ ಪಾತ್ರೆ, ಕೆಳಗೆ ಸಣ್ಣ ಉರಿ. ಊಟಕ್ಕೆ ಕೂರುವಾಗ ಅವನು ಕೇಳಿದ್ದ, ಆಫ್ ಮಾಡಿದೆ ಎಂದಿದ್ದಳು. ಗುಬುಟು ತಿರುಗಿಸಿ ಆರಿಸಿದ.

ಮತ್ತೆ ಗ್ಯಾರೇಜಿಗೆ ಬಂದು ಬ್ಯಾಟರಿ ಸೇರಿಸಿದ. ಪೊರಕೆಯ ಕೋಲನ್ನು ಸೀಟಿಗೂ ಪೆಡಲ್ಲಿಗೂ ನಡುವೆ ಕೊಟ್ಟು, ಮೊದಲ ಬಾರಿಗೆ ತಾನೇ ಹಿಂದೆ ಹೋಗಿ ನೋಡಿದ. ಕತ್ತಲು. ಭೂತಗನ್ನಡಿ ಹಿಡಿದು ವಯರನ್ನು ನೋಡಿದಾಗ ಕಾರಣ ತಿಳಿಯಿತು. ಮೊದಲ ತಪಾಸಣೆಯ ನಂತರ ಹೊಸ ಸ್ವಿಚ್ಚು ಹಾಕುವಾಗ ವಯರಿನ ತುದಿಗೆ ಕೂರಿಸಿದ ತಗಡಿನ ಕ್ಲಿಪ್ಪು ತಾಮ್ರವನ್ನು ಹಿಡಿಯದೆ ಮೇಲಿನ ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡಿತ್ತು. ಕಲಿಯಲು ಬಂದ ಹುಡುಗ ಇಂಥ ತಪ್ಪು ಮಾಡಿದ್ದರೆ ಬಹರೈನಿನಲ್ಲಿ ಅವನು ತಲೆಗೆ ಮೊಟಕುತ್ತಿದ್ದ. ನೋಡುವ ಕಣ್ಣು ಹೋದದ್ದು ಅವಳದಷ್ಟೇ ಅಲ್ಲ, ರೆಮಿಜಿಯಸನದೂ.

ವಯರು ಕೊಯ್ದು ಹೊಸ ಕ್ಲಿಪ್ಪು ಒತ್ತಿದ. ದೀಪ ಹತ್ತಿತು. ಎರಡೂ. ಜೆರ್ಟ್ರೂಡ್ ಅದರ ಕೆಂಪು ಬೆಳಕಿನಲ್ಲಿ ನಿಂತು ಬೀದಿಯ ಕಡೆ ನೋಡುತ್ತಿದ್ದಳು.

ಇದನ್ನು ಯಾರಿಗೂ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ಗಂಟೆ ಅದನ್ನೇ ಯೋಚಿಸಿದ. ಒಲೆಯನ್ನು ಎಷ್ಟು ದಿನ ಕಾಯಬಹುದು, ತಾನು ಸ್ನಾನಕ್ಕೆ ಹೋದಾಗ ಯಾರು ಕಾಯುವುದು? ಆಮೇಲೆ ಬ್ರಿಸ್ಬೇನಿಗೆ ಫೋನ್ ಮಾಡಿದ.

"ಡ್ಯಾಡಿ! ಲೈಟ್ ಬಂತಾ?"

"ಬಂತು."

"ಗುಡ್ ಆನ್ ಯೂ! ಮಮ್ಮಿ ನೋಡಿದ್ರಾ?"

"ಇಲ್ಲ. ನಾನೇ ನೋಡಿದೆ." ಅದರ ಹಿಂದೆಯೇ ಹೇಳಿದ, "ವೆಸ್ಲಿ, ಆ ಕೋಣೆ ಬಿಡ್ಬೇಡ ಅಂತ ಜೆಸಿಕಾಗೆ ಹೇಳು."

ಯಾಕೆ ಎಂದು ಕೇಳುವಷ್ಟು ದಡ್ಡ ಮಗನಲ್ಲ.

ಮೂರನೆಯ ತಪಾಸಣೆಯಲ್ಲಿ ಕಾರು ಪಾಸಾಯಿತು. ಅದನ್ನು ಮಾರಲು ಇಟ್ಟ, ಮುಂದಿನ ವಾರ ಫ್ರೀಮ್ಯಾಂಟಲಿನ ಒಬ್ಬಾತ ಕೊಳ್ಳಲು ಬಂದ. ಅವನು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದಾಗ ರೆಮಿಜಿಯಸ್ ಹಿಂದೆ ನಿಂತಿದ್ದ. ಬಾಯಿಗೆ ಬಂದದ್ದು "ಹತ್ತಿತು, ಎರಡೂ." ಆತನಿಗೆ ಅರ್ಥವಾಗಲಿಲ್ಲ, ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.

ಗಂಡಹೆಂಡತಿ ಅಡಿಲೇಡಿಗೆ ಹೋದದ್ದು ವಿಮಾನದಲ್ಲಿ. ಜೆರ್ಟ್ರೂಡ್ ಆರೈಕೆ ಮನೆಯ ಕೋಣೆಯಲ್ಲಿ, ರೆಮಿಜಿಯಸ್ ಮಗಳ ಮನೆಯ ಹಿಂದಿನ ಕೋಣೆಯಲ್ಲಿ. ಅವಳ ಮಾತ್ರೆ ಈಗ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಸೇರುತ್ತದೆ. ಅವನು ದಿನವೂ ಹೋಗುತ್ತಾನೆ, ಅವಳು ದಿನವೂ ನಗುತ್ತಾಳೆ. ಅವಳು ಹೇಳುವ ಯಾವ ಮಾತನ್ನೂ ಅವನು ಈಗ ನಂಬುವುದಿಲ್ಲ.